ಕೂಡಿ ಕೊಂಡ ಓದು: ಇ-ಜರ್ನಲ್ ಖರೀದಿ ಒಂದಾದ ಬಗೆ

1990ರ ದಶಕದ ಕೊನೆಯಲ್ಲಿ ‘ಬ್ರೈನ್ ರಿಸರ್ಚ್’ ಎಂಬ ನರವಿಜ್ಞಾನದ ಜರ್ನಲ್‌ಗೆ ಒಂದು ಗ್ರಂಥಾಲಯ ಕಟ್ಟಬೇಕಿದ್ದ ವಾರ್ಷಿಕ ಚಂದಾ 15,000 ಡಾಲರ್ ದಾಟಿತ್ತು. ಆಗಿನ ವಿನಿಮಯ ದರದಲ್ಲಿ ಅದು ಆರು ಲಕ್ಷ ರೂಪಾಯಿಗೂ ಹೆಚ್ಚು. ಅದೂ ಒಂದೇ ಒಂದು ಜರ್ನಲ್‌ಗೆ, ಒಂದೇ ವರ್ಷಕ್ಕೆ. ವಿಶ್ವವಿದ್ಯಾಲಯಗಳಲ್ಲಿ ಅಕ್ಟೋಬರ್-ನವೆಂಬರ್ ಬಂತೆಂದರೆ ಗ್ರಂಥಾಲಯ ಸಮಿತಿ ಸಭೆ ಸೇರುತ್ತಿತ್ತು. ಚಂದಾ ಲೆಕ್ಕ ಜನವರಿಯಿಂದ ಡಿಸೆಂಬರ್‌ಗೆ. ಹಣ ಪೂರ್ತಿ ಮುಂಗಡ. ಮುಂದಿನ ವರ್ಷಕ್ಕೆ ಹೊಸದಾಗಿ ಏನು ತರಿಸೋಣ ಎಂಬುದಕ್ಕಿಂತ, ಇರುವುದರಲ್ಲಿ ಯಾವುದನ್ನು ಕೈಬಿಡೋಣ ಎಂಬುದೇ ಆ ಸಭೆಯ ಮುಖ್ಯ ಚರ್ಚೆ. ರಸಾಯನಶಾಸ್ತ್ರದವರ ಪಟ್ಟಿಯಲ್ಲಿ ಎರಡಕ್ಕೆ ಗೀಟು ಬಿದ್ದರೆ ಭೌತಶಾಸ್ತ್ರದವರ ಪಟ್ಟಿಯಲ್ಲೂ ಎರಡಕ್ಕೆ ಬೀಳಬೇಕು. ಮಾನವಿಕ ವಿಭಾಗಗಳ ಪಾಲಿಗೆ ಉಳಿಯುತ್ತಿದ್ದುದು ತೀರ ಕಡಿಮೆ.

ಇವತ್ತು ಚಿತ್ರ ಬೇರೆ. 2025ರ ಜನವರಿ 1ರಿಂದ ಜಾರಿಗೆ ಬಂದ ‘ಒಂದು ರಾಷ್ಟ್ರ, ಒಂದು ಚಂದಾದಾರಿಕೆ’ ಯೋಜನೆಯಲ್ಲಿ 30 ದೊಡ್ಡ ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ದೇಶದ 6,300ಕ್ಕೂ ಹೆಚ್ಚು ಸರ್ಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ ತೆರೆದುಕೊಂಡಿವೆ. ಖರೀದಿದಾರ ಒಬ್ಬನೇ, ಕೇಂದ್ರ ಸರ್ಕಾರ. ಆದರೆ ಈ ಏರ್ಪಾಡು ದೆಹಲಿಯ ಒಂದು ಸಹಿಯಿಂದ ಹುಟ್ಟಿದ್ದಲ್ಲ. ಕಂಪ್ಯೂಟರ್ ಬರುವುದಕ್ಕೂ ಮೊದಲೇ ತಮ್ಮಲ್ಲಿರುವುದನ್ನು ಪರಸ್ಪರ ಹಂಚಿಕೊಳ್ಳುತ್ತಿದ್ದ ಗ್ರಂಥಪಾಲಕರು ಇದರ ಬುನಾದಿ ಹಾಕಿದರು. ಆ ಕಥೆಯ ಹಲವು ಮುಖ್ಯ ಅಧ್ಯಾಯಗಳು ನಡೆದದ್ದು ಬೆಂಗಳೂರಿನಲ್ಲಿ.

ಮಾರುವವನು ಒಬ್ಬನೇ ಆದಾಗ

ಶಾಲೆಗೆ ಬೆಂಚು ಬೇಕಾದರೆ ಮಾರುವವರು ನೂರು ಮಂದಿ ಇರುತ್ತಾರೆ. ಕೊಟೇಶನ್ ತರಿಸಬಹುದು, ಟೆಂಡರ್ ಕರೆಯಬಹುದು, ಕಡಿಮೆ ದರ ಹೇಳಿದವರಿಗೆ ಆರ್ಡರ್ ಕೊಡಬಹುದು. ಕರ್ನಾಟಕದಲ್ಲಿ 1999ರ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಈ ವ್ಯವಹಾರಕ್ಕೆ ಕಟ್ಟುಪಾಡು ವಿಧಿಸಿತು. ಮುಂದೆ ಅದು ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ಗೆ ಏರಿತು. 2016ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ‘ಜೆಮ್’ ಎಂದೇ ಹೆಸರಾದ ಸರ್ಕಾರಿ ಇ-ಮಾರುಕಟ್ಟೆಯನ್ನು ತೆರೆದ ಮೇಲೆ ಕುರ್ಚಿ, ಪ್ರಿಂಟರ್, ಪ್ರಯೋಗಾಲಯದ ಸಾಮಾನುಗಳೂ ಪರದೆಯ ಮೇಲೆಯೇ ಬಿಕರಿಯಾಗತೊಡಗಿದವು. ಈ ಎಲ್ಲದರ ತಿರುಳು ಮಾರುವವರ ನಡುವಿನ ಪೈಪೋಟಿ.

ಜರ್ನಲ್‌ಗೆ ಈ ಸೂತ್ರ ಹೊಂದುವುದಿಲ್ಲ. ಒಂದು ಸಂಶೋಧನಾ ಪ್ರಬಂಧ ಪ್ರಕಟವಾಗುವುದು ಒಂದೇ ಕಡೆ. ‘ನೇಚರ್’ ದುಬಾರಿಯಾಯಿತೆಂದು ಅದರ ಬದಲು ಅಗ್ಗದ ಇನ್ನೊಂದು ಪತ್ರಿಕೆ ತರಿಸಿದರೆ ಬೇಕಾದ ಪ್ರಬಂಧ ಅದರಲ್ಲಿ ಇರುವುದಿಲ್ಲ. ಮಾರುವವನು ಒಬ್ಬನೇ, ಬೆಲೆ ಹೇಳುವವನೂ ಅವನೇ. ಅದರ ಮೇಲೆ ಇನ್ನೊಂದು ವಿಚಿತ್ರ ಸೇರುತ್ತದೆ. ಸಂಶೋಧನೆಗೆ ಹಣ ಕೊಡುವುದು ಬಹುಪಾಲು ಸರ್ಕಾರ. ಬರೆಯುವವರು ಸಂಬಳದ ಪ್ರಾಧ್ಯಾಪಕರು. ಪ್ರಬಂಧವನ್ನು ಓದಿ ಯೋಗ್ಯತೆ ತೂಗುವ ವಿಮರ್ಶಕರೂ ಅವರೇ, ಸಾಮಾನ್ಯವಾಗಿ ಸಂಭಾವನೆಯಿಲ್ಲದೆ. ಹಾಗೆ ಸಿದ್ಧವಾದದ್ದನ್ನು ಅದೇ ವಿಶ್ವವಿದ್ಯಾಲಯಗಳು ಮತ್ತೆ ದುಡ್ಡು ಕೊಟ್ಟು ಕೊಳ್ಳಬೇಕು. ಇಂಥ ಮಾರುಕಟ್ಟೆಯಲ್ಲಿ ಕೊಳ್ಳುವವರಿಗೆ ಉಳಿಯುವ ಬಲ ಒಂದೇ: ಅವರ ಸಂಖ್ಯೆ. ಒಂಟಿ ಗ್ರಂಥಾಲಯ ಬೇಡವೆಂದರೆ ಪ್ರಕಾಶಕನಿಗೆ ನಷ್ಟವಿಲ್ಲ, ನೂರು ಗ್ರಂಥಾಲಯಗಳು ಒಟ್ಟಾಗಿ ಬೇಡವೆಂದರೆ ಅವನು ಮಾತಿಗೆ ಕೂರಲೇಬೇಕು. ಇಷ್ಟು ಸರಳವಾದ ಈ ಲೆಕ್ಕ ಕೈಗೂಡುವುದಕ್ಕೆ ದಶಕಗಳೇ ಹಿಡಿದವು.

ಪೋಸ್ಟ್‌ಕಾರ್ಡಿನಿಂದ ಫೋರ್ಸಾವರೆಗೆ

ಜರ್ನಲ್ ಇಲ್ಲದ ಊರಿನ ಸಂಶೋಧಕರು ಹಿಂದೆ ಪೋಸ್ಟ್‌ಕಾರ್ಡನ್ನು ನೆಚ್ಚಿಕೊಂಡಿದ್ದರು. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಅವರ ಸಂಸ್ಥೆ ಹೊರಡಿಸುತ್ತಿದ್ದ ‘ಕರೆಂಟ್ ಕಂಟೆಂಟ್ಸ್’ ಎಂಬ ಪುಟ್ಟ ಸಾಪ್ತಾಹಿಕದಲ್ಲಿ ಜಗತ್ತಿನ ಜರ್ನಲ್‌ಗಳ ಪರಿವಿಡಿಗಳು ಅಚ್ಚಾಗುತ್ತಿದ್ದವು. ಅದನ್ನು ನೋಡಿ, ಲೇಖಕರ ವಿಳಾಸ ಹುಡುಕಿ, ‘ನಿಮ್ಮ ಪ್ರಬಂಧದ ಒಂದು ಪ್ರತಿ ಕಳಿಸಿ’ ಎಂದು ಕಾರ್ಡು ಬರೆಯುವುದು. ತಿಂಗಳುಗಳ ಮೇಲೆ ಪ್ರತಿ ಬಂದರೂ ಬಂತು, ಬಾರದಿದ್ದರೆ ಇಲ್ಲ. ಚಂದಾ ಕಟ್ಟಿದ ಗ್ರಂಥಾಲಯಗಳ ಪಾಡೂ ಹೆಚ್ಚು ಭಿನ್ನವಲ್ಲ. ಹಡಗಿನ ಟಪಾಲಿನಲ್ಲಿ ಸಂಚಿಕೆಗಳು ತಡವಾಗಿ ಬರುತ್ತಿದ್ದವು, ನಡುವೆ ಒಂದೆರಡು ಕಳೆದುಹೋಗುತ್ತಿದ್ದವು, ಅವುಗಳಿಗಾಗಿ ಏಜೆಂಟರಿಗೆ ರಿಮೈಂಡರ್ ಮೇಲೆ ರಿಮೈಂಡರ್ ಹೋಗುತ್ತಿತ್ತು. ಕಾಣೆಯಾದ ಸಂಚಿಕೆ ಸಿಗುವವರೆಗೆ ಆ ವರ್ಷದ ಬೈಂಡಿಂಗ್ ನಿಂತಿರುತ್ತಿತ್ತು.

ಈ ಕೊರತೆಗೆ ದೇಶ ಕಂಡುಕೊಂಡ ಮೊದಲ ದೊಡ್ಡ ಉತ್ತರ ಇನ್ಸ್‌ಡಾಕ್. ಯುನೆಸ್ಕೋ ನೆರವಿನಿಂದ 1952ರಲ್ಲಿ ದೆಹಲಿಯಲ್ಲಿ ಶುರುವಾದ ಈ ಕೇಂದ್ರ, ಯಾವ ಜರ್ನಲ್ ಯಾವ ಗ್ರಂಥಾಲಯದಲ್ಲಿದೆ ಎಂಬುದರ ಒಕ್ಕೂಟ ಸೂಚಿಗಳನ್ನು ತಯಾರಿಸಿತು. ಕೇಳಿದವರಿಗೆ ಪ್ರಬಂಧಗಳ ಛಾಯಾಪ್ರತಿ ಒದಗಿಸಿತು. ಗ್ರಂಥಾಲಯ ವಿಜ್ಞಾನದ ಹಿರಿಯ ಎಸ್.ಆರ್. ರಂಗನಾಥನ್ ತಮ್ಮ ಬದುಕಿನ ಕೊನೆಯ ಘಟ್ಟವನ್ನು ಬೆಂಗಳೂರಿನಲ್ಲಿ ಕಳೆದರು. 1962ರಲ್ಲಿ ಅವರು ಇಲ್ಲಿ ಡಿಆರ್‌ಟಿಸಿ, ಅಂದರೆ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಭಾರತೀಯ ಸಾಂಖ್ಯಿಕ ಸಂಸ್ಥೆಯ ಅಂಗವಾಗಿ ಕಟ್ಟಿದರು. ಅಲ್ಲಿ ತರಬೇತಾದವರು ಮುಂದೆ ದೇಶದ ನಾನಾ ಸಂಶೋಧನಾ ಗ್ರಂಥಾಲಯಗಳನ್ನು ನಡೆಸಿದರು. 1980ರ ದಶಕದಲ್ಲಿ ಯುಜಿಸಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸ್ಥಾಪಿಸಿದ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರ, ದೂರದೂರದ ವಿಶ್ವವಿದ್ಯಾಲಯಗಳ ವಿಜ್ಞಾನಿಗಳಿಗೆ ಅವರವರ ವಿಷಯದ ಹೊಸ ಪ್ರಬಂಧಗಳ ಪಟ್ಟಿಯನ್ನು ಕಂಪ್ಯೂಟರಿನಿಂದ ತೆಗೆದು ಅಂಚೆಯಲ್ಲಿ ಕಳಿಸುತ್ತಿತ್ತು.

ಆದರೆ ‘ನಾವು ನಾವೇ ಸೇರಿ ನಡೆಸೋಣ’ ಎಂಬ ಮಾತು ಮೊದಲು ರೂಪ ತಳೆದದ್ದು ಖಗೋಳಶಾಸ್ತ್ರದವರಲ್ಲಿ. 1981ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸೇರಿದ ಖಗೋಳ ಗ್ರಂಥಾಲಯಗಳ ಪ್ರತಿನಿಧಿಗಳು ‘ಫೋರ್ಸಾ’ ಎಂಬ ವೇದಿಕೆ ಕಟ್ಟಿದರು. ರಾಮನ್ ಸಂಸ್ಥೆ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಮುಂಬಯಿಯ ಟಿಐಎಫ್‌ಆರ್, ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ ಮೊದಲಾದವು ಅದರಲ್ಲಿದ್ದವು. ನಾಟಿಯ ಹೊತ್ತಿಗೆ ಒಬ್ಬರ ಗದ್ದೆಗೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುವಂತೆ ಅವರ ನಡೆ: ನನ್ನಲ್ಲಿರುವ ಜರ್ನಲ್‌ನಿಂದ ನಿಮಗೆ ಪ್ರತಿ, ನಿಮ್ಮಲ್ಲಿರುವುದರಿಂದ ನನಗೆ. ಹೆಚ್ಚುವರಿ ಪ್ರತಿಗಳನ್ನು ಬದಲಾಯಿಸಿಕೊಂಡರು, ಪಟ್ಟಿಗಳನ್ನು ಹಂಚಿಕೊಂಡರು. ಎರಡು ದಶಕ ಕಳೆದು ಜರ್ನಲ್‌ಗಳು ಕಂಪ್ಯೂಟರಿಗೆ ಬಂದಾಗ, ಅದೇ ಗುಂಪು ಕೆಲವು ಪ್ರಕಾಶಕರೊಂದಿಗೆ ಒಟ್ಟಾಗಿ ಚೌಕಾಸಿ ಮಾಡಿ ಒಂದೇ ಒಪ್ಪಂದದಲ್ಲಿ ಚಂದಾ ಕೊಂಡಿತು. ಅಷ್ಟರಲ್ಲಿ ಅವರಿಗೆ ಪರಸ್ಪರ ನಂಬಿಕೆ ಬೆಳೆದಿತ್ತು. ಒಟ್ಟಾಗಿ ಕೊಳ್ಳುವುದಕ್ಕೆ ಮೊದಲು ಬೇಕಾದ ಬಂಡವಾಳ ಅದೇ.

ಡಾಲರ್ ಏರಿದ ದಿನಗಳು

ವಿದೇಶಿ ಜರ್ನಲ್‌ಗಳ ವ್ಯಾಪಾರ ಆಗ ಏಜೆಂಟರ ಕೈಯಲ್ಲಿತ್ತು. ಗ್ರಂಥಾಲಯ ಪಟ್ಟಿ ಕೊಡುತ್ತಿತ್ತು. ಏಜೆಂಟರು ನೂರಾರು ಪ್ರಕಾಶಕರಿಗೆ ಪ್ರತ್ಯೇಕವಾಗಿ ಹಣ ಕಟ್ಟಿ, ಇನ್‌ವಾಯ್ಸ್ ತಂದುಕೊಟ್ಟು, ಕಾಣೆಯಾದ ಸಂಚಿಕೆಗಳ ಬೆನ್ನುಹತ್ತುತ್ತಿದ್ದರು. ಡಾಲರ್, ಪೌಂಡಿಗೆ ಎಷ್ಟು ರೂಪಾಯಿ ಹಾಕಬೇಕೆಂಬ ತಕರಾರು ಬಾರದಿರಲೆಂದು ಪುಸ್ತಕ ವ್ಯಾಪಾರಿಗಳ ‘ಗುಡ್ ಆಫೀಸಸ್ ಕಮಿಟಿ’ ವಿನಿಮಯ ದರ ಪ್ರಕಟಿಸುತ್ತಿತ್ತು. ‘ಜಿಓಸಿ ದರ’ ಎಂದರೆ ಅಕ್ವಿಸಿಷನ್ ವಿಭಾಗದಲ್ಲಿ ಕೆಲಸ ಮಾಡಿದ ಹಳಬರಿಗೆ ಈಗಲೂ ಗೊತ್ತು.

ಈ ಪದ್ಧತಿ ಮುರಿಯತೊಡಗಿದ್ದು 1991ರಲ್ಲಿ. ಜುಲೈ ಮೊದಲ ವಾರ ಎರಡು ಕಂತಿನಲ್ಲಿ ರೂಪಾಯಿಯ ಅಪಮೌಲ್ಯವಾಯಿತು. 21 ರೂಪಾಯಿ ಆಸುಪಾಸಿನಲ್ಲಿದ್ದ ಡಾಲರ್ 26ರ ಹತ್ತಿರ ಬಂತು. 2000ದ ಹೊತ್ತಿಗೆ 45 ದಾಟಿತು. ಪ್ರಕಾಶಕರೂ ವರ್ಷವರ್ಷ ಡಾಲರ್ ಬೆಲೆಯನ್ನೇ ಏರಿಸುತ್ತಿದ್ದರು. ಗ್ರಂಥಾಲಯದ ಅನುದಾನ ಮಾತ್ರ ಇದ್ದಲ್ಲೇ ಇತ್ತು. ಕೊಳ್ಳುವವರು ಕಡಿಮೆಯಾದಂತೆ ಪ್ರಕಾಶಕರು ಉಳಿದವರ ಮೇಲೆ ಬೆಲೆ ಏರಿಸಿದರು. ಬೆಲೆ ಏರಿದಂತೆ ಇನ್ನಷ್ಟು ಗ್ರಂಥಾಲಯಗಳು ಕೈಬಿಟ್ಟವು. ಮುಂಗಡ ಹಣದ ಅಪಾಯವೂ ಬಯಲಾಯಿತು. 2003ರಲ್ಲಿ ಅಮೆರಿಕದ ಚಂದಾ ಏಜೆನ್ಸಿ ರೋಕಾಮ್ ದಿವಾಳಿ ಅರ್ಜಿ ಹಾಕಿದಾಗ, ಗ್ರಂಥಾಲಯಗಳು ಕಟ್ಟಿದ್ದ ಹಣ ಪ್ರಕಾಶಕರನ್ನು ತಲುಪಿರಲಿಲ್ಲ. 2014ರಲ್ಲಿ ನೆದರ್‌ಲೆಂಡ್ಸ್‌ನ ಸ್ವೆಟ್ಸ್ ಕೂಡ ಮುಳುಗಿತು.

ಆ ವೇಳೆಗೆ ಪಶ್ಚಿಮದಲ್ಲಿ ಹೊಸ ದಾರಿಯೊಂದು ತೆರೆದಿತ್ತು. ಬ್ರಿಟನ್ನಿನ ಉನ್ನತ ಶಿಕ್ಷಣ ಅನುದಾನ ಮಂಡಳಿಗಳು 1996ರಲ್ಲಿ ಅಕಾಡೆಮಿಕ್ ಪ್ರೆಸ್, ಬ್ಲ್ಯಾಕ್‌ವೆಲ್ ಮೊದಲಾದ ಪ್ರಕಾಶಕರೊಂದಿಗೆ ಪ್ರಾಯೋಗಿಕ ಒಪ್ಪಂದ ಮಾಡಿಕೊಂಡು, ದೇಶದ ವಿಶ್ವವಿದ್ಯಾಲಯಗಳಿಗೆಲ್ಲ ಕಡಿಮೆ ದರದಲ್ಲಿ ಜರ್ನಲ್ ಒದಗಿಸಿದವು. ಅಮೆರಿಕದ ಓಹಿಯೊ ರಾಜ್ಯದ ಕಾಲೇಜುಗಳು ‘ಓಹಿಯೊಲಿಂಕ್’ ಹೆಸರಿನಲ್ಲಿ ಒಂದಾದವು. ಮುದ್ರಿತ ಸಂಚಿಕೆಗಾದರೆ ಪ್ರತಿ ಹೆಚ್ಚುವರಿ ಗ್ರಾಹಕನಿಗೂ ಕಾಗದ, ಟಪಾಲಿನ ಖರ್ಚು ಇರುತ್ತಿತ್ತು. ಇಂಟರ್ನೆಟ್ಟಿನಲ್ಲಿ ಇನ್ನೂ ನೂರು ಕಾಲೇಜಿಗೆ ಬಾಗಿಲು ತೆರೆದರೆ ಪ್ರಕಾಶಕನಿಗೆ ಬೀಳುವ ಖರ್ಚು ಅತ್ಯಲ್ಪ. ಹಾಗಾಗಿ ‘ಒಟ್ಟು ಇಷ್ಟು ಹಣ ಕೊಡಿ, ನಮ್ಮ ಎಲ್ಲ ಜರ್ನಲ್‌ಗಳೂ ನಿಮ್ಮ ಎಲ್ಲ ಸಂಸ್ಥೆಗಳಿಗೂ’ ಎಂಬ ಮಾತುಕತೆ ಸಾಧ್ಯವಾಯಿತು.

ಮೂರು ವರ್ಷಗಳಲ್ಲಿ ಬದಲಾದ ದೇಶ

ಭಾರತದಲ್ಲಿ ಬದಲಾವಣೆ 2001ರಿಂದ 2004ರ ನಡುವೆ ಬಿರುಸಾಗಿ ನಡೆಯಿತು. ಐಐಎಂ ಗ್ರಂಥಾಲಯಗಳು ಒಂದಾದವು; ಸಿಎಸ್‌ಐಆರ್ ತನ್ನ ಪ್ರಯೋಗಾಲಯಗಳಿಗೆಲ್ಲ ಸೇರಿ ಒಪ್ಪಂದ ಮಾಡಿಕೊಂಡಿತು. ಎಂಜಿನಿಯರಿಂಗ್ ಸಂಸ್ಥೆಗಳ ವಿಚಾರದಲ್ಲಿ ಮಾನವ ಸಂಪನ್ಮೂಲ ಸಚಿವಾಲಯ ತಜ್ಞರ ಗುಂಪೊಂದನ್ನು ನೇಮಿಸಿತು. ಅದರ ಅಧ್ಯಕ್ಷರು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎನ್. ಬಾಲಕೃಷ್ಣನ್. ಆ ಗುಂಪಿನ ಶಿಫಾರಸಿನಂತೆ 2003ರಲ್ಲಿ ಐಐಟಿ ದೆಹಲಿಯಲ್ಲಿ ಕೇಂದ್ರ ಕಚೇರಿಯೊಂದಿಗೆ ‘ಇಂಡೆಸ್ಟ್’ ಕನ್ಸಾರ್ಷಿಯಂ, ಅಂದರೆ ಒಟ್ಟಾಗಿ ಕೊಳ್ಳುವವರ ಒಕ್ಕೂಟ, ಹುಟ್ಟಿತು. ಐಐಟಿ, ಐಐಎಸ್‌ಸಿ, ಐಐಎಂ, ಎನ್‌ಐಟಿಯಂಥ ಸಂಸ್ಥೆಗಳ ಖರ್ಚನ್ನು ಸಚಿವಾಲಯ ಭರಿಸಿತು. ಸುರತ್ಕಲ್‌ನ ಎನ್‌ಐಟಿಯೂ ಅದರೊಳಗೆ ಬಂತು. ಆಯ್ದ ಸರ್ಕಾರಿ ಮತ್ತು ಅನುದಾನಿತ ಎಂಜಿನಿಯರಿಂಗ್ ಕಾಲೇಜುಗಳಿಗೆ ಎಐಸಿಟಿಇ ನೆರವಾಯಿತು. ಖಾಸಗಿ ಕಾಲೇಜುಗಳು ತಮ್ಮ ದುಡ್ಡಿನಲ್ಲೇ, ಆದರೆ ಕನ್ಸಾರ್ಷಿಯಂ ಚೌಕಾಸಿ ಮಾಡಿ ಇಳಿಸಿದ ದರದಲ್ಲಿ ಸೇರಬಹುದಾಗಿತ್ತು. ಈ ಮೂರನೆಯ ಬಾಗಿಲು ಬಹಳ ದೂರದೃಷ್ಟಿಯದು. ದೊಡ್ಡವರು ಗೆದ್ದ ರಿಯಾಯಿತಿ ಚಿಕ್ಕವರಿಗೂ ಅದರಿಂದ ದಕ್ಕಿತು.

ವಿಶ್ವವಿದ್ಯಾಲಯಗಳ ಪಾಲಿಗೆ ಬಂದದ್ದು ಯುಜಿಸಿ-ಇನ್ಫೋನೆಟ್. ಅಹಮದಾಬಾದಿನಲ್ಲಿದ್ದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದರ ಹೊಣೆ ಹೊತ್ತಿತು. 2003ರ ಡಿಸೆಂಬರ್‌ನಲ್ಲಿ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಚಾಲನೆ ನೀಡಿದರು. 2004ರ ಜನವರಿ 1ರಿಂದ ಮೊದಲ ಹಂತದ 50 ವಿಶ್ವವಿದ್ಯಾಲಯಗಳಲ್ಲಿ ಜರ್ನಲ್‌ಗಳು ತೆರೆದುಕೊಂಡವು. ಅಮೆರಿಕನ್ ಕೆಮಿಕಲ್ ಸೊಸೈಟಿ, ರಾಯಲ್ ಸೊಸೈಟಿ ಆಫ್ ಕೆಮಿಸ್ಟ್ರಿಯಂಥ ವಿದ್ವತ್ ಸಂಘಗಳ ಪತ್ರಿಕೆಗಳು, ಮುಂದೆ ಮಾನವಿಕ ವಿಷಯಗಳಿಗೆ ಜೆಸ್ಟೋರ್, ಪ್ರಾಜೆಕ್ಟ್ ಮ್ಯೂಸ್ ಸಂಗ್ರಹಗಳು ಸೇರಿದವು. ಹಿಂದೆ ನೂರಿನ್ನೂರು ವಿದೇಶಿ ಜರ್ನಲ್ ತರಿಸಲು ತಿಣುಕುತ್ತಿದ್ದ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಸಾವಿರಾರು ಜರ್ನಲ್‌ಗಳು ತೆರೆಯತೊಡಗಿದವು.

ಇದೇ ಹೊತ್ತಿನಲ್ಲಿ ಕರ್ನಾಟಕ ತನ್ನದೇ ಹೆಜ್ಜೆ ಇಟ್ಟಿತು. ರಾಜ್ಯದ ವೈದ್ಯಕೀಯ ಕಾಲೇಜುಗಳು ಮೈಸೂರು, ಬೆಂಗಳೂರು, ಕರ್ನಾಟಕ, ಮಂಗಳೂರು ಹೀಗೆ ಹಲವು ವಿಶ್ವವಿದ್ಯಾಲಯಗಳಡಿ ಹಂಚಿಹೋಗಿದ್ದವು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಅವು ಒಂದೇ ಸೂರಿನಡಿ ಬಂದವು. 2003ರಲ್ಲಿ ಆ ವಿಶ್ವವಿದ್ಯಾಲಯ ‘ಹೆಲಿನೆಟ್’ ಎಂಬ ಕನ್ಸಾರ್ಷಿಯಂ ಆರಂಭಿಸಿತು. ಆರೋಗ್ಯ ವಿಜ್ಞಾನ ಕ್ಷೇತ್ರದಲ್ಲಿ ದೇಶಕ್ಕೇ ಅದು ಮೊದಲನೆಯದು. ಕಾಲೇಜುಗಳಿಂದ ಶುಲ್ಕ ಪಡೆದು, ವಿಶ್ವವಿದ್ಯಾಲಯವೇ ಪ್ರಕಾಶಕರೊಂದಿಗೆ ಮಾತಾಡಿ, ನೂರಾರು ವಿದೇಶಿ ವೈದ್ಯಕೀಯ ಜರ್ನಲ್‌ಗಳನ್ನು ಸಂಯೋಜಿತ ಕಾಲೇಜುಗಳಿಗೆ ಒದಗಿಸಿತು. ಕಾಲೇಜು ಬೆಂಗಳೂರಿನಲ್ಲಿರಲಿ, ಕಲಬುರಗಿಯಲ್ಲಿರಲಿ, ಪರದೆಯ ಮೇಲೆ ಬರುವ ಪ್ರಬಂಧ ಒಂದೇ. ಕೇಂದ್ರದ ಅನುದಾನಕ್ಕೆ ಕಾಯದೆ ಒಂದು ರಾಜ್ಯ ವಿಶ್ವವಿದ್ಯಾಲಯ ತನ್ನ ಕಾಲೇಜುಗಳ ಬಲವನ್ನು ಒಗ್ಗೂಡಿಸಿದ ಈ ಪ್ರಯತ್ನಕ್ಕೆ ಇನ್ನೂ ಹೆಚ್ಚಿನ ಮನ್ನಣೆ ಸಲ್ಲಬೇಕು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಮುಂದೆ ತನ್ನ ಎಂಜಿನಿಯರಿಂಗ್ ಕಾಲೇಜುಗಳಿಗೆ ಇಂಥದೇ ಕನ್ಸಾರ್ಷಿಯಂ ನಡೆಸಿತು. ಕೃಷಿ ವಿಶ್ವವಿದ್ಯಾಲಯಗಳಿಗಾಗಿ 2007ರಲ್ಲಿ ಐಸಿಎಆರ್ ‘ಸೆರಾ’ ಕನ್ಸಾರ್ಷಿಯಂ ಶುರುಮಾಡಿದಾಗ ಬೆಂಗಳೂರು ಮತ್ತು ಧಾರವಾಡದ ಕೃಷಿ ವಿದ್ಯಾರ್ಥಿಗಳಿಗೂ ಅದರ ಲಾಭ ಸಿಕ್ಕಿತು.

ಹುಡುಕುವ ಸಾಧನವೂ ಬೆಂಗಳೂರಿನಿಂದಲೇ ಬಂತು. ಇಲ್ಲಿನ ಇನ್‌ಫರ್ಮ್ಯಾಟಿಕ್ಸ್ ಇಂಡಿಯಾ ಸಂಸ್ಥೆ 2001ರಲ್ಲಿ ಹೊರತಂದ ‘ಜೆ-ಗೇಟ್’ನಲ್ಲಿ ಸಾವಿರಾರು ಜರ್ನಲ್‌ಗಳ ಪರಿವಿಡಿಗಳನ್ನು ಒಂದೇ ಕಡೆ ಜಾಲಾಡಬಹುದಿತ್ತು. ಯುಜಿಸಿ ಕನ್ಸಾರ್ಷಿಯಂಗಾಗಿ ತಯಾರಿಸಿದ ಅದರ ವಿಶೇಷ ಆವೃತ್ತಿ, ಯಾವ ಜರ್ನಲ್ ಯಾವ ವಿಶ್ವವಿದ್ಯಾಲಯದಲ್ಲಿದೆ ಎಂಬುದನ್ನೂ ತೋರಿಸುತ್ತಿತ್ತು. ಒಕ್ಕೂಟ ಸೂಚಿಗಳು ಮಾಡುತ್ತಿದ್ದ ಕೆಲಸ ಹೀಗೆ ಕ್ಷಣಮಾತ್ರದ್ದಾಯಿತು.

ರಿಜಿಸ್ಟರಿಗೆ ಏನು ಬರೆಯುವುದು?

ಕಾಗದವಿಲ್ಲದ ಖರೀದಿ ಕಚೇರಿಗಳಲ್ಲಿ ಹೊಸ ಪ್ರಶ್ನೆಗಳನ್ನು ಎಬ್ಬಿಸಿತು. ಪುಸ್ತಕ ಬಂದರೆ ಅಕ್ಸೆಷನ್ ನಂಬರು ಹಾಕಿ, ಮೊಹರು ಒತ್ತಿ, ಸ್ಟಾಕ್ ರಿಜಿಸ್ಟರಿಗೆ ಏರಿಸಬಹುದು. ಬಾಗಿಲು ತೆರೆಯುವ ಹಕ್ಕನ್ನಷ್ಟೇ ಕೊಂಡರೆ ಆಡಿಟ್‌ನವರಿಗೆ ತೋರಿಸುವುದೇನು? ಒಬ್ಬನೇ ಮಾರುವವನಿರುವಾಗ ಮೂರು ಕೊಟೇಶನ್ ತರುವುದೆಲ್ಲಿಂದ? ಒಪ್ಪಂದವನ್ನು ಒಂದು ವರ್ಷ ನವೀಕರಿಸದಿದ್ದರೆ, ಆಗಲೇ ದುಡ್ಡು ಕೊಟ್ಟ ಹಳೆಯ ಸಂಪುಟಗಳು ನಮ್ಮದಾಗಿ ಉಳಿಯುತ್ತವೆಯೇ? ಮುದ್ರಿತ ಸಂಪುಟವಾದರೆ ಕಪಾಟಿನಲ್ಲಿ ಇದ್ದೇ ಇರುತ್ತಿತ್ತು. ಈ ಕೊನೆಯ ಪ್ರಶ್ನೆಯಿಂದಾಗಿ ‘ಶಾಶ್ವತ ಪ್ರವೇಶ’ದ ಕಲಮು ಮಾತುಕತೆಗಳಲ್ಲಿ ಮುಖ್ಯವಾಯಿತು. ಪ್ರಕಾಶಕರೊಂದಿಗೆ ಕೂರುವ ಸಮಿತಿಗಳಲ್ಲಿ ಪ್ರಾಧ್ಯಾಪಕರ ಜೊತೆ ಗ್ರಂಥಪಾಲಕರಿಗೂ ಜಾಗ ಸಿಕ್ಕಿತು. ಯಾವ ಜರ್ನಲ್ ಎಷ್ಟು ಸಲ ಓದಿಸಿಕೊಂಡಿತು ಎಂಬ ಲೆಕ್ಕಕ್ಕೆ 2002ರಲ್ಲಿ ಆರಂಭವಾದ ‘ಕೌಂಟರ್’ ಎಂಬ ಅಂತರರಾಷ್ಟ್ರೀಯ ಮಾನದಂಡ ನೆರವಾಯಿತು. ಬೆಲೆಯ ಚರ್ಚೆಗೆ ಅಂಕಿಅಂಶದ ಆಧಾರ ಒದಗಿತು.

ವಿಶ್ವವಿದ್ಯಾಲಯದ ಆವರಣದಲ್ಲಿ ಪ್ರವೇಶ ಸುಲಭ. ಆವರಣದ ಐಪಿ ವಿಳಾಸವನ್ನು ಪ್ರಕಾಶಕರಿಗೆ ಕೊಟ್ಟರೆ, ಅಲ್ಲಿನ ಯಾವ ಕಂಪ್ಯೂಟರಿನಿಂದಲೂ ಜರ್ನಲ್ ತೆರೆಯುತ್ತದೆ. ತಾಲ್ಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಇದು ಆಗುತ್ತಿರಲಿಲ್ಲ. ಅಲ್ಲಿ ಸ್ಥಿರ ಐಪಿ ವಿಳಾಸವಿಲ್ಲ, ಒಳ್ಳೆಯ ಸಂಪರ್ಕವಿಲ್ಲ, ಎಷ್ಟೋ ಕಡೆ ಕಂಪ್ಯೂಟರೇ ಕಡಿಮೆ. ದೇಶದ ಪದವಿ ವಿದ್ಯಾರ್ಥಿಗಳಲ್ಲಿ ಬಹುಪಾಲು ಓದುವುದು ಇಂಥ ಕಾಲೇಜುಗಳಲ್ಲೇ. ಈ ಕಂದರವನ್ನು ದಾಟಿಸಲು ಇನ್‌ಫ್ಲಿಬ್‌ನೆಟ್ ಮತ್ತು ಇಂಡೆಸ್ಟ್ ಸೇರಿ ‘ಎನ್-ಲಿಸ್ಟ್’ ರೂಪಿಸಿದವು. 2010ರ ಮೇನಲ್ಲಿ ಅದು ವಿಧ್ಯುಕ್ತವಾಗಿ ಆರಂಭವಾಯಿತು. ಪ್ರತಿ ಅಧ್ಯಾಪಕರಿಗೂ ವಿದ್ಯಾರ್ಥಿಗೂ ಪ್ರತ್ಯೇಕ ಪಾಸ್‌ವರ್ಡ್. ಕಾಲೇಜಿನಿಂದಲೋ ಮನೆಯಿಂದಲೋ ಒಳಗೆ ಬರಬಹುದು. 6,000ಕ್ಕೂ ಹೆಚ್ಚು ಇ-ಜರ್ನಲ್, ಎರಡು ಲಕ್ಷದ ಸಮೀಪ ಇ-ಪುಸ್ತಕ. ಯುಜಿಸಿಯ 2(ಎಫ್), 12(ಬಿ) ಪಟ್ಟಿಯಲ್ಲಿರುವ ಸರ್ಕಾರಿ ಮತ್ತು ಅನುದಾನಿತ ಕಾಲೇಜಿಗೆ ಇದಕ್ಕೆ ನಿಗದಿಯಾದ ವಾರ್ಷಿಕ ಶುಲ್ಕ 5,000 ರೂಪಾಯಿ, ಮೇಲೆ ತೆರಿಗೆ.

5,000 ರೂಪಾಯಿಗೆ ಒಂದು ಕಾಲೇಜು ಹೊರಗಿನ ಮಾರುಕಟ್ಟೆಯಲ್ಲಿ ಒಂದು ಒಳ್ಳೆಯ ವಿದೇಶಿ ಜರ್ನಲ್ ಕೂಡ ತರಿಸಲಾಗದು.

ಹತ್ತು ಕನ್ಸಾರ್ಷಿಯಂ, ಒಂದು ಒಪ್ಪಂದ

ಅಷ್ಟರಲ್ಲಿ ಕನ್ಸಾರ್ಷಿಯಂಗಳ ಸಂಖ್ಯೆಯೇ ಹೆಚ್ಚಾಗಿತ್ತು. ಒಬ್ಬನೇ ಪ್ರಕಾಶಕನೊಂದಿಗೆ ಶಿಕ್ಷಣ ಸಚಿವಾಲಯ ಒಮ್ಮೆ, ಸಿಎಸ್‌ಐಆರ್ ಒಮ್ಮೆ, ಕೃಷಿ ಪರಿಷತ್ತು ಮತ್ತೊಮ್ಮೆ, ಜೈವಿಕ ತಂತ್ರಜ್ಞಾನ ಇಲಾಖೆ ಇನ್ನೊಮ್ಮೆ ಮಾತಾಡುತ್ತಿದ್ದವು. ಸರ್ಕಾರದ ಹಣ ಹಲವು ಕೈಗಳಿಂದ ಒಂದೇ ಅಂಗಡಿಗೆ ಹೋಗುತ್ತಿತ್ತು. 2015ರ ಕೊನೆಯಲ್ಲಿ ಯುಜಿಸಿ-ಇನ್ಫೋನೆಟ್, ಎನ್-ಲಿಸ್ಟ್ ಮತ್ತು ಇಂಡೆಸ್ಟ್‌ಗಳನ್ನು ಕೂಡಿಸಿ ‘ಇ-ಶೋಧಸಿಂಧು’ ಮಾಡಿದ್ದು ಮೊದಲ ತಿದ್ದುಪಡಿ. ಮುಂದಿನ ಹೆಜ್ಜೆಗೆ ವಿಜ್ಞಾನ ಅಕಾಡೆಮಿಗಳು ಒತ್ತಾಸೆಯಾದವು. ಬೆಂಗಳೂರಿನ ಎನ್‌ಸಿಬಿಎಸ್ ಸಂಸ್ಥೆಯನ್ನು ಹಲವು ವರ್ಷ ಮುನ್ನಡೆಸಿದ್ದ ಕೆ. ವಿಜಯರಾಘವನ್ ಪ್ರಧಾನ ವೈಜ್ಞಾನಿಕ ಸಲಹೆಗಾರರಾಗಿದ್ದಾಗ, 2020ರ ಕೊನೆಯಲ್ಲಿ ಹೊರಬಂದ ವಿಜ್ಞಾನ ನೀತಿಯ ಕರಡು ಈ ಆಲೋಚನೆಯನ್ನು ಅಧಿಕೃತವಾಗಿ ಮುಂದಿಟ್ಟಿತು. ದೇಶದ ಪ್ರತಿಯೊಬ್ಬ ನಾಗರಿಕನಿಗೂ ಜರ್ನಲ್ ಸಿಗಬೇಕೆಂಬುದು ಆ ಕರಡಿನ ಆಶಯ.

ಕೇಂದ್ರ ಸಚಿವ ಸಂಪುಟ 2024ರ ನವೆಂಬರ್ 25ರಂದು ಒಪ್ಪಿದ ಯೋಜನೆ ಅಷ್ಟು ವಿಶಾಲವಲ್ಲ, ಆದರೂ ದೊಡ್ಡದೇ. 2025ರಿಂದ 2027ರವರೆಗೆ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸಂಸ್ಥೆಗಳ ಸುಮಾರು 1.8 ಕೋಟಿ ವಿದ್ಯಾರ್ಥಿಗಳು, ಅಧ್ಯಾಪಕರು, ಸಂಶೋಧಕರು ಇದರ ಫಲಾನುಭವಿಗಳು. ಭಾಗಿಸಿ ನೋಡಿದರೆ ತಲೆಗೆ ವರ್ಷಕ್ಕೆ ಸುಮಾರು 1,100 ರೂಪಾಯಿ. ಉಸ್ತುವಾರಿ ಮತ್ತೆ ಇನ್‌ಫ್ಲಿಬ್‌ನೆಟ್‌ನದೇ, ಈಗ ಗಾಂಧಿನಗರದಿಂದ.

ಒಗ್ಗಟ್ಟಿನಾಚೆ

ಒಟ್ಟಾಗಿ ಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ಗ್ರಂಥಪಾಲಕರು ಯಾವತ್ತೂ ನಂಬಿರಲಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಗ್ರಂಥಪಾಲಕ ಕೆನ್ ಫ್ರೇಜಿಯರ್ 2001ರಲ್ಲೇ ಎಚ್ಚರಿಸಿದ್ದರು. ಪ್ರಕಾಶಕನ ಪೂರ್ತಿ ಕಟ್ಟು ಕೊಳ್ಳುವ ಒಪ್ಪಂದದಲ್ಲಿ ಬೇಡದ ಜರ್ನಲ್‌ಗಳಿಗೂ ದುಡ್ಡು ತೆರಬೇಕು, ಮುಂದೆ ಅದರಿಂದ ಹೊರಬರುವುದೂ ಕಷ್ಟ ಎಂಬುದು ಅವರ ವಾದ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ 2019ರಲ್ಲಿ ಎಲ್ಸೆವಿಯರ್ ಜೊತೆಗಿನ ಒಪ್ಪಂದವನ್ನೇ ಕೈಬಿಟ್ಟು ಎರಡು ವರ್ಷ ಪಟ್ಟುಹಿಡಿಯಿತು. ತನ್ನ ಲೇಖಕರ ಪ್ರಬಂಧಗಳು ಎಲ್ಲರಿಗೂ ಮುಕ್ತವಾಗುವ ಷರತ್ತಿನೊಂದಿಗೆ 2021ರಲ್ಲಿ ಮತ್ತೆ ಸಹಿ ಹಾಕಿತು. ಒಗ್ಗಟ್ಟಾಗಿ ಎದ್ದು ಹೊರನಡೆಯುವ ಧೈರ್ಯವೂ ಒಗ್ಗಟ್ಟಿನ ಖರೀದಿಯ ಭಾಗವೇ ಎಂಬುದನ್ನು ಆ ಪ್ರಸಂಗ ತೋರಿಸಿತು.

ಇನ್ನೊಂದು ದಾರಿಯನ್ನೂ ಬೆಂಗಳೂರು ಮೊದಲೇ ತುಳಿದಿತ್ತು. ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರ 2002ರಲ್ಲಿ ಕಟ್ಟಿದ ‘ಇ-ಪ್ರಿಂಟ್ಸ್@ಐಐಎಸ್‌ಸಿ’ ಭಾರತದ ಮೊದಲ ಸಾಂಸ್ಥಿಕ ಭಂಡಾರ. ಸಂಸ್ಥೆಯ ವಿಜ್ಞಾನಿಗಳ ಪ್ರಬಂಧಗಳನ್ನು ಅಲ್ಲಿ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಸಿ.ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಜರ್ನಲ್‌ಗಳನ್ನು ಇಂಟರ್ನೆಟ್ಟಿನಲ್ಲಿ ಮುಕ್ತವಾಗಿಟ್ಟಿತು. 2006ರ ನವೆಂಬರ್‌ನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೇರಿದ ಕಾರ್ಯಾಗಾರ, ಅಭಿವೃದ್ಧಿಶೀಲ ದೇಶಗಳಿಗಾಗಿ ಮುಕ್ತ ಪ್ರವೇಶದ ನೀತಿಯೊಂದನ್ನೇ ರಚಿಸಿತು. ಸಾರ್ವಜನಿಕ ಹಣದಿಂದ ನಡೆದ ಸಂಶೋಧನೆಯನ್ನು ಮತ್ತೆ ಹಣ ಕೊಟ್ಟು ಕೊಳ್ಳುವಂತಾಗಬಾರದು ಎಂಬುದು ಅದರ ನಿಲುವು. ಈಗಿನ ಯೋಜನೆಯ 6,000 ಕೋಟಿ ರೂಪಾಯಿಯನ್ನು ಈ ನಿಲುವಿನ ಎದುರಿಗಿಟ್ಟು ತೂಗಬೇಕು. ಒಟ್ಟುಖರೀದಿ ಇಂದಿನ ಹಸಿವನ್ನು ನೀಗಿಸಿದೆ. ಬೆಲೆ ಗೊತ್ತುಮಾಡುವ ಅಧಿಕಾರ ಮಾತ್ರ ಇನ್ನೂ ಮಾರುವವನಲ್ಲೇ ಇದೆ. 2027ರ ಕೊನೆಗೆ ಒಪ್ಪಂದದ ಅವಧಿ ಮುಗಿಯುವಾಗ, ಪ್ರತಿ ಪ್ರಕಾಶಕನಿಗೆ ಎಷ್ಟು ಕೊಟ್ಟೆವು, ಯಾವ ಜರ್ನಲ್ ಎಷ್ಟು ಓದಿಸಿಕೊಂಡಿತು ಎಂಬ ಪೂರ್ಣ ಲೆಕ್ಕ ತೆರಿಗೆದಾರರ ಕಣ್ಣಮುಂದಿರಬೇಕು. ಮುಂದಿನ ಚೌಕಾಸಿಗೆ ಬಲ ಬರುವುದು ಆ ಲೆಕ್ಕದಿಂದ.

ಕನ್ನಡದ ಪಾಲೂ ಇಲ್ಲಿ ಚರ್ಚೆಗೆ ಬರಬೇಕು. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರರು 1918ರಲ್ಲಿ ‘ವಿಜ್ಞಾನ’ ಮಾಸಪತ್ರಿಕೆ ಹೊರಡಿಸಿದರು; ಮರುವರ್ಷವೇ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ, ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳತ್ವದಲ್ಲಿ ‘ಪ್ರಬುದ್ಧ ಕರ್ಣಾಟಕ’ ಬಂತು. ನೂರು ವರ್ಷ ದಾಟಿದ ಈ ವಿದ್ವತ್ ಪರಂಪರೆಯ ಸಂಪುಟಗಳು 13,000 ಜರ್ನಲ್‌ಗಳ ಆ ಒಪ್ಪಂದದ ಹೊರಗಿವೆ. ರಾಜ್ಯದ ವಿಶ್ವವಿದ್ಯಾಲಯಗಳು ಹೆಲಿನೆಟ್ ಕಟ್ಟಿದ ಹಾಗೆ ಒಂದಾಗಿ ತಮ್ಮ ಪ್ರಸಾರಾಂಗಗಳ ಪತ್ರಿಕೆಗಳನ್ನು, ಹಳೆಯ ಸಂಪುಟಗಳನ್ನು, ಪಿಎಚ್‌ಡಿ ಪ್ರಬಂಧಗಳನ್ನು ಒಂದೇ ಜಾಲತಾಣದಲ್ಲಿ ಹುಡುಕುವಂತೆ, ಪುಕ್ಕಟೆಯಾಗಿ ಓದುವಂತೆ ಮಾಡಬಲ್ಲವು. ಇದಕ್ಕೆ ವಿದೇಶಿ ಪ್ರಕಾಶಕರೊಂದಿಗೆ ಮಾತುಕತೆ ಬೇಕಿಲ್ಲ, ಡಾಲರ್ ಬೇಕಿಲ್ಲ. ನಮ್ಮ ಕುಲಪತಿಗಳು ಒಂದು ಮೇಜಿನ ಸುತ್ತ ಕೂತರೆ ಸಾಕು.

ಓದುಗರಲ್ಲಿ ಅಧ್ಯಾಪಕರು, ವಿದ್ಯಾರ್ಥಿಗಳು, ಅವರ ತಂದೆತಾಯಂದಿರು ಇದ್ದೀರಿ. ನಿಮ್ಮೂರಿನ ಸರ್ಕಾರಿ ಕಾಲೇಜು ಎನ್-ಲಿಸ್ಟ್‌ನಲ್ಲಿದೆಯೇ, ‘ಒಂದು ರಾಷ್ಟ್ರ, ಒಂದು ಚಂದಾದಾರಿಕೆ’ಯ ಪಟ್ಟಿಯಲ್ಲಿದೆಯೇ, ವಿದ್ಯಾರ್ಥಿಗಳಿಗೆ ಲಾಗಿನ್ ಕೊಟ್ಟಿದ್ದಾರೆಯೇ, ಹುಡುಕುವುದನ್ನು ಕಲಿಸುವ ಗ್ರಂಥಪಾಲಕರು ಅಲ್ಲಿದ್ದಾರೆಯೇ ಎಂದು ಒಮ್ಮೆ ಕೇಳಿ. ಇಲ್ಲವೆಂಬ ಉತ್ತರ ಬಂದರೆ ಪ್ರಾಂಶುಪಾಲರಿಗೆ ಲಿಖಿತವಾಗಿ ಕೊಡಿ. ದುಡ್ಡು ಆಗಲೇ ಸಂದಾಯವಾಗಿದೆ. ಓದುವ ಹಕ್ಕು ನಿಮ್ಮದು.